ಬೀಸುಕಲ್ಲಿನ ಪದಕ್ಕೆ ಫೆಲೋಶಿಪ್ ಕೊಡುವವರು ಯಾರು?

ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ ನಮ್ಮ ದೂರದ ಬಳಗದ ಮನೆಯೊಂದಿದೆ. ಆ ಮನೆಯ ಹುಡುಗಿ ಕನ್ನಡ ಎಂ.ಎ. ಮುಗಿಸಿ, ಪಿಎಚ್.ಡಿ. ಮಾಡುವ ಆಸೆ ಹೊತ್ತು ಹೋದ ವರ್ಷ ನನ್ನ ಬಳಿ ಬಂದಿದ್ದಳು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಮದರಸಾದಲ್ಲಿ ಅಷ್ಟಿಷ್ಟು ಉರ್ದು, ಹೀಗೆ ಬೆಳೆದವಳು. "ಮಾಮೂ, ನಮ್ಮ ದಾದಿ ಚಕ್ಕಿ ಪದಾ ಹಾಡ್ತಾಳಲ್ರಿ, ಅವನ್ನ ಹಿಡದು ಥೀಸಿಸ್ ಬರೀಬೇಕಂತ ಮಾಡೀನಿ" ಅಂದಳು. ನಾನು ಎರಡು ಪ್ರಶ್ನೆ ಕೇಳಿದೆ. ಗೈಡ್ ಯಾರು? ರೊಕ್ಕ ಎಲ್ಲಿಂದ?

ಎರಡನೆಯ ಪ್ರಶ್ನೆಗೆ ಅವಳ ಬಳಿ ಉತ್ತರವಿರಲಿಲ್ಲ. ಮೊದಲನೆಯದಕ್ಕೆ ಸಿಕ್ಕ ಉತ್ತರ ನನಗೇ ನಾಚಿಕೆ ತರುವಂಥದ್ದು. ಅವಳು ಭೇಟಿಯಾದ ಒಬ್ಬ ಗುರುಗಳು, "ಈ ವಿಷಯ ತೊಂದರೆಯದ್ದು ತಂಗಿ, ಊರೂರು ತಿರುಗಬೇಕು. ಅದರ ಬದಲು ಇಂಥವರ ಕಥೆಗಳಲ್ಲಿ ಮುಸ್ಲಿಂ ಸಂವೇದನೆ ಅಂತ ತಗೋ. ನಾಲ್ಕು ಪುಸ್ತಕ ಕೊಂಡರೆ ಮನೆಯಲ್ಲೇ ಕೂತು ಮುಗಿಸಬಹುದು" ಎಂದಿದ್ದರಂತೆ. ಆ 'ಇಂಥವರ' ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಇದನ್ನು ಓದಿ ಆ ಗುರುಗಳನ್ನು ಯಾರೂ ಬೈಯಬಾರದು. ಅವರು ಹೇಳಿದ್ದರಲ್ಲಿ ಒಂದು ಲೆಕ್ಕಾಚಾರವಿದೆ. ಹಣವಿಲ್ಲದ ಸಂಶೋಧನೆ ಮನೆಯಿಂದ ಹೊರಗೆ ಹೋಗಲಾರದು. ಮನೆಯಿಂದ ಹೊರಗೆ ಹೋಗದ ಸಂಶೋಧನೆ ಈಗಾಗಲೇ ಅಚ್ಚಾದ ಪುಸ್ತಕಗಳ ಸುತ್ತಲೇ ಸುತ್ತುತ್ತದೆ. ಕನ್ನಡ ವಿಭಾಗಗಳ ಕಪಾಟುಗಳಲ್ಲಿ 'ಒಂದು ಅಧ್ಯಯನ' ಎಂಬ ಬಾಲ ಹೊತ್ತ ಪ್ರಬಂಧಗಳು ಸಾಲುಗಟ್ಟಿ ನಿಂತಿರುವುದಕ್ಕೆ ವಿದ್ಯಾರ್ಥಿಗಳ ಸೋಮಾರಿತನ ಮಾತ್ರ ಕಾರಣವಲ್ಲ. ಬಸ್ಸಿನ ಚಾರ್ಜಿಗೆ ದುಡ್ಡಿಲ್ಲದಿರುವುದೂ ಕಾರಣ. ನಾವು ವಿಮರ್ಶೆ ಬರೆಯುವವರು ಪುಸ್ತಕದ ಭಾಷೆ ನೋಡುತ್ತೇವೆ, ಸಿದ್ಧಾಂತ ನೋಡುತ್ತೇವೆ. ಆ ಪುಸ್ತಕ ಬರೆಯುವವರೆಗೆ ಲೇಖಕನ ಮನೆಯ ಒಲೆ ಹೇಗೆ ಉರಿಯಿತು ಎಂದು ಕೇಳುವುದಿಲ್ಲ. ಈ ಲೇಖನದಲ್ಲಿ ಅದನ್ನು ಕೇಳಬೇಕೆಂದಿದ್ದೇನೆ. ಅದಕ್ಕಾಗಿ ನಮ್ಮ ಜಿಲ್ಲೆಯದೇ ಬೀಸುಕಲ್ಲಿನ ಹಾಡುಗಳನ್ನು ಮುಟ್ಟಿದ ಎರಡು ಪುಸ್ತಕಗಳನ್ನು ಎದುರಿಗಿಟ್ಟುಕೊಳ್ಳುತ್ತೇನೆ.

ಮೊದಲನೆಯದು 'ಗರತಿಯ ಹಾಡು'. 1931ರಲ್ಲಿ ಪ್ರಕಟವಾದದ್ದು. ಆಗಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಕೂಡಿಸಿದ್ದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಎಂಬ ಹೆಸರುಗಳ ಜೊತೆಗೆ ಪಿ. ಧೂಲಾಸಾಹೇಬ ಎಂಬ ಹೆಸರೂ ಇದೆ. ಈ ಕೊನೆಯ ಹೆಸರನ್ನು ನಮ್ಮ ಮಕ್ಕಳಿಗೆ ಯಾರೂ ಒತ್ತಿ ಹೇಳುವುದಿಲ್ಲ. ಕನ್ನಡ ಜಾನಪದದ ಮೊದಮೊದಲ ದೊಡ್ಡ ಸಂಗ್ರಹದ ಕೆಲಸದಲ್ಲಿ ಹಳ್ಳಿಯ ಒಬ್ಬ ಮುಸಲ್ಮಾನ ಕೈಜೋಡಿಸಿದ್ದ. ತೊಟ್ಟಿಲು ತೂಗುವಾಗ, ಕುಟ್ಟುವಾಗ, ಬೀಸುವಾಗ ಹೆಂಗಸರು ಹಾಡಿದ ತ್ರಿಪದಿಗಳನ್ನು ಈ ಗೆಳೆಯರು ಕೇಳಿ ಬರೆದುಕೊಂಡರು. ಅವರಿಗೆ ಯಾವ ವಿಶ್ವವಿದ್ಯಾಲಯವೂ ಪಗಾರ ಕೊಡಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಲು ಇನ್ನೂ ಹದಿನೆಂಟು-ಹತ್ತೊಂಬತ್ತು ವರ್ಷ ಬಾಕಿಯಿತ್ತು. ಅವರಿಗಿದ್ದ ಬಂಡವಾಳವೆಂದರೆ ಗೆಳೆತನ ಮತ್ತು ಅದೇ ಹಾಡುಗಳ ನಡುವೆ ಬೆಳೆದ ಕಿವಿ.

ಆ ಪುಸ್ತಕದ ಶಕ್ತಿ ಅಲ್ಲಿಯೇ ಇದೆ. ಸಂಗ್ರಹಕಾರ ಹೊರಗಿನವನಲ್ಲ. ತವರು, ಅಣ್ಣ, ಕೂಸು ಎಂಬ ಮಾತುಗಳಲ್ಲಿ ತುಂಬಿದ ಭಾರವನ್ನು ಅವನಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಪುಸ್ತಕದ ಕೊರತೆಯೂ ಅಲ್ಲಿಂದಲೇ ಬಂದಿದೆ. ಒಂದೊಂದು ಪದದ ಕೆಳಗೆ ಹಾಡಿದವಳ ಹೆಸರಿಲ್ಲ, ಊರಿಲ್ಲ, ಅವಳು ಯಾವ ಓಣಿಯವಳು ಎಂಬುದಿಲ್ಲ. ಎಲ್ಲ ಹಾಡುಗಳೂ 'ಗರತಿ' ಎಂಬ ಒಬ್ಬಳೇ ಹೆಂಗಸಿನ ಬಾಯಿಂದ ಬಂದಂತೆ ಕೇಳುತ್ತವೆ. ನಮ್ಮ ಓಣಿಯ ಹೆಂಗಸರು ಪಕ್ಕದ ಮನೆಯ ಗೌಡತಿಯ ಜೊತೆ ಕೂತು ಕನ್ನಡದ ತ್ರಿಪದಿ ಹಾಡಿ, ತಮ್ಮ ಮನೆಗೆ ಬಂದು ಅದೇ ಕಲ್ಲಿನ ಮುಂದೆ ದಖನಿಯಲ್ಲಿ ಹಾಡುತ್ತಿದ್ದುದು ಆ ಪುಸ್ತಕದಿಂದ ತಿಳಿಯುವುದಿಲ್ಲ. ಹಲಸಂಗಿಯ ಗೆಳೆಯರನ್ನು ಇದಕ್ಕೆ ದೂರುವಂತಿಲ್ಲ. ಸಂಸಾರ, ದುಡಿಮೆ ಎರಡನ್ನೂ ನಡೆಸಿಕೊಂಡು, ಬಿಡುವಿನಲ್ಲಿ ಮಾಡಿದ ಕೆಲಸ ಅದು. ಹಾಡು ಉಳಿಸುವುದೇ ಅವರಿಗೆ ಆಗಿನ ತುರ್ತಾಗಿತ್ತು.

ಎರಡನೆಯದು ರಿಚರ್ಡ್ ಈಟನ್ ಎಂಬ ಅಮೆರಿಕದ ಇತಿಹಾಸಕಾರರು ಬರೆದ 'ಸೂಫೀಸ್ ಆಫ್ ಬಿಜಾಪುರ್'. 1978ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಬಂದದ್ದು. ಬಿಜಾಪುರದ ಸೂಫಿಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟದೆ, ಯೋಧರು, ಸುಧಾರಕರು, ಸಾಹಿತಿಗಳು, ಇನಾಮು ಪಡೆದ ಜಮೀನ್ದಾರರು, ಲೋಕದ ಹಂಗು ತೊರೆದ ದರವೇಶಿಗಳು ಎಂದು ಬಿಡಿಸಿ ನೋಡಿದ ಪುಸ್ತಕ. ಅದರಲ್ಲಿ ನನ್ನನ್ನು ತಟ್ಟಿದ್ದು ಚಕ್ಕಿನಾಮಾ, ಚರಖಾನಾಮಾಗಳ ಬಗೆಗಿನ ಭಾಗ. ಶಹಾಪುರ ಗುಡ್ಡದ ಮೀರಾಂಜಿ, ಬುರ್ಹಾನುದ್ದೀನ್ ಜಾನಮ್, ಅಮೀನುದ್ದೀನ್ ಆಲಾ ಇವರ ಚಿಷ್ತಿ ಪರಂಪರೆಯಲ್ಲಿ ದಖನಿ ಭಾಷೆಗೆ ದೊಡ್ಡ ಜಾಗವಿತ್ತು. ನಮ್ಮವರು ಈಗಲೂ ಹೋಗಿ ಬರುವ ಖಾಜಾ ಅಮೀನ್ ದರ್ಗಾದ ಪರಂಪರೆ ಅದು. ಬೀಸುಕಲ್ಲಿನ ಗೂಟ ಅಲಿಫ್ ಅಕ್ಷರದ ಹಾಗೆ ನೆಟ್ಟಗೆ ನಿಂತಿದೆ, ಅಲಿಫ್ ಎಂದರೆ ಅಲ್ಲಾಹ್, ನಡುವಿನ ಕೀಲು ರಸೂಲರು ಎಂಬ ಬಗೆಯಲ್ಲಿ, ಹೆಂಗಸರ ದಿನದ ದುಡಿಮೆಯನ್ನೇ ಪಾಠದ ಹಲಗೆ ಮಾಡಿಕೊಂಡ ಹಾಡುಗಳು ಅವು.

ಈಟನ್ ಅವರ ವಾದ ಸರಳವಾದದ್ದು, ಆದರೆ ಪರಿಣಾಮ ದೊಡ್ಡದು. ದಖ್ಖನಿನ ಹಳ್ಳಿಗಳಲ್ಲಿ ಇಸ್ಲಾಮ್ ಹರಡಿದ್ದು ಕತ್ತಿಯಿಂದ ಎಂಬ ಮಾತು ಒಂದು ಕಡೆ, ಪಂಡಿತರ ಉಪದೇಶದಿಂದ ಎಂಬ ಮಾತು ಇನ್ನೊಂದು ಕಡೆ. ಅವರು ಎರಡನ್ನೂ ಬದಿಗಿಟ್ಟು ಅಡುಗೆಮನೆಯ ಕಡೆ ನೋಡಿದರು. ಕಲ್ಲು ತಿರುಗಿಸುವ ತಾಯಿ, ಅವಳ ಮಡಿಲಿನ ಕೂಸು, ಕೂಸಿನ ಕಿವಿಗೆ ಬಿದ್ದ ಹಾಡು. ತಲೆಮಾರುಗಟ್ಟಲೆ ನಿಧಾನವಾಗಿ ನಡೆದ ಕ್ರಿಯೆ ಅದು ಎಂದರು. ಇಂದು ನಮ್ಮ ಟಿ.ವಿ. ಚರ್ಚೆಗಳಲ್ಲಿ ಮತಾಂತರ ಎಂಬ ಪದ ಕೇಳಿದಾಗಲೆಲ್ಲ ನನಗೆ ಈ ಪುಸ್ತಕ ನೆನಪಾಗುತ್ತದೆ. ಬೈಗುಳಕ್ಕೆ ಬೈಗುಳ ಉತ್ತರವಲ್ಲ, ಇಂಥ ಒಂದು ಪುಸ್ತಕ ಉತ್ತರ.

ಅಂಥ ಪುಸ್ತಕ ಬರೆಯಲು ಏನು ಬೇಕು? ಪಾರಸಿ ಬೇಕು, ಹಳೆಯ ದಖನಿ ಬೇಕು. ಬಿಜಾಪುರದಲ್ಲಿ ತಿಂಗಳುಗಟ್ಟಲೆ ಉಳಿಯಬೇಕು. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಜಿಯಂ, ಇದಾರ-ಎ-ಅದಬಿಯಾತ್-ಎ-ಉರ್ದುಗಳಲ್ಲಿ ಕೂತು ಹಸ್ತಪ್ರತಿ ಓದಬೇಕು. ಆದಿಲಶಾಹಿಗಳ ಆಸಾರ್ ಮಹಲಿನ ಗ್ರಂಥಗಳು ಹತ್ತೊಂಬತ್ತನೇ ಶತಮಾನದಲ್ಲೇ ಲಂಡನ್ ಸೇರಿವೆ, ಅಲ್ಲಿಗೂ ಹೋಗಬೇಕು. ಇದು ಗೆಳೆತನದ ಬಂಡವಾಳದಿಂದ ಆಗುವ ಕೆಲಸವಲ್ಲ. ವಿದ್ವಾಂಸನಿಗೆ ವರ್ಷಗಟ್ಟಲೆ ಸಮಯ ಕೊಟ್ಟು ಕಾಯುವ ವ್ಯವಸ್ಥೆಯೊಂದು ಹಿಂದೆ ನಿಂತಿರಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅಂಥ ವ್ಯವಸ್ಥೆಯಿತ್ತು. ಅದಕ್ಕೇ ನಮ್ಮ ದಾದಿಯ ಹಾಡಿನ ಕತೆ ನಮ್ಮ ಕೈಗೆ ಇಂಗ್ಲಿಷಿನಲ್ಲಿ ಬಂತು.

ಈ ಪುಸ್ತಕಕ್ಕೂ ಒಂದು ಮಿತಿ ಇದೆ. ಅದರ ಮುಖ್ಯ ಆಧಾರ ಹಸ್ತಪ್ರತಿ. ಹಸ್ತಪ್ರತಿಯಲ್ಲಿರುವ ಚಕ್ಕಿನಾಮಾ ಗಂಡಸರ ಲೇಖನಿಯಿಂದ ಇಳಿದದ್ದು. ಅದನ್ನು ಹೆಂಗಸರು ಹಾಗೆಯೇ ಹಾಡಿದರೇ, ಮುರಿದು ಹಾಡಿದರೇ, ತಮ್ಮ ಗಂಡನ ಮನೆಯ ದುಃಖವನ್ನು ನಡುವೆ ಸೇರಿಸಿದರೇ ಎಂಬುದು ಹೈದರಾಬಾದಿನ ಕಪಾಟಿನಲ್ಲಿ ಸಿಗುವುದಿಲ್ಲ. ಅದು ಕನ್ನೊಳ್ಳಿಯಂಥ ಊರುಗಳಲ್ಲಿ ಸಿಗುತ್ತದೆ, ಅದೂ ಇನ್ನು ಸ್ವಲ್ಪ ದಿನ ಮಾತ್ರ.

'ಗರತಿಯ ಹಾಡು' ಕನ್ನಡ ಕೇಳಿಸಿತು, ದಖನಿ ಕೇಳಿಸಲಿಲ್ಲ. 'ಸೂಫೀಸ್ ಆಫ್ ಬಿಜಾಪುರ್' ದಖನಿ ಕೇಳಿಸಿತು, ಆದರೆ ಬರೆದಿಟ್ಟದ್ದನ್ನು. ಎರಡೂ ಭಾಷೆಯಲ್ಲಿ ಹಾಡುವ ಒಬ್ಬಳೇ ಹೆಂಗಸಿನ ಬಾಯಲ್ಲಿ ಏನು ನಡೆಯುತ್ತದೆ? ತ್ರಿಪದಿಯ ಧಾಟಿ ದಖನಿಗೆ ದಾಟಿತೇ? ಅಲ್ಲಾಹನ ಹೆಸರಿದ್ದ ಜಾಗದಲ್ಲಿ ಶಿವ, ಶಿವನ ಹೆಸರಿದ್ದ ಜಾಗದಲ್ಲಿ ಪೀರ ಬಂದು ಕೂತದ್ದುಂಟೇ? ಈ ಎರಡು ಪುಸ್ತಕಗಳ ನಡುವೆ ಖಾಲಿ ಬಿದ್ದ ಜಾಗವೇ ಆ ಹುಡುಗಿಯ ವಿಷಯ. ಅದು 'ತೊಂದರೆಯ ವಿಷಯ' ಎಂದು ಕೈಬಿಡುವಂಥದ್ದಲ್ಲ. ನಲವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಯಾರಿಗಾದರೂ ಕಾದು ಕೂತಿರುವ ವಿಷಯ.

ಕನ್ನಡದಲ್ಲಿ ಇಂಥ ಕೆಲಸ ಸಾಧ್ಯವೆಂಬುದಕ್ಕೆ ಸಾಕ್ಷಿ ಇದೆ. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' 1998ರಲ್ಲಿ ಬಂತು. ದರ್ಗಾ, ಉರುಸು, ತತ್ವಪದ, ಫಕೀರರು, ಇವನ್ನೆಲ್ಲ ಅವರು ಕಾಗದದ ಮೇಲೆ ಮಾತ್ರ ನೋಡಲಿಲ್ಲ, ಊರೂರು ತಿರುಗಿ ಜನರ ಬಾಯಿಂದ ಕೇಳಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆ ಅವರಿಗಿತ್ತು. ಸಂಶೋಧನೆಯೇ ಕೆಲಸವಾಗಿರುವ ವಿಶ್ವವಿದ್ಯಾಲಯ ಅದು. ತಿಂಗಳ ಪಗಾರದ ಭದ್ರತೆ ಬೆನ್ನಿಗಿದ್ದಾಗ ಒಬ್ಬ ಪ್ರತಿಭಾವಂತ ಎಷ್ಟು ದೂರ ನಡೆಯಬಲ್ಲ ಎಂಬುದಕ್ಕೆ ಆ ಪುಸ್ತಕ ಸಾಕ್ಷಿ. ಆದರೆ ಹುದ್ದೆ ಸಿಕ್ಕ ಮೇಲೆ ತಿರುಗುವುದು ಒಂದು ಮಾತು, ಹುದ್ದೆಯಿಲ್ಲದ ಇಪ್ಪತ್ತನಾಲ್ಕರ ಹುಡುಗಿ ತಿರುಗುವುದು ಇನ್ನೊಂದು ಮಾತು.

ವಿದ್ಯೆಗೆ ಹಣ ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಆಸಾರ್ ಮಹಲಿನ ಮದರಸಾದಲ್ಲಿ ಓದುವವರಿಗೆ ಎರಡು ಹೊತ್ತಿನ ಊಟದ ಜೊತೆಗೆ ತಿಂಗಳಿಗೆ ಒಂದು ಹೊನ್ನು ಸಿಗುತ್ತಿತ್ತೆಂದು 'ಬಸಾತೀನುಸ್ಸಲಾತೀನ್' ಎಂಬ ಆದಿಲಶಾಹಿ ಚರಿತ್ರೆ ಹೇಳುತ್ತದೆ. ಎರಡನೇ ಇಬ್ರಾಹೀಮ್ ಆದಿಲಶಹನ ಆಶ್ರಯವಿಲ್ಲದಿದ್ದರೆ ಫಿರಿಶ್ತಾನ ಚರಿತ್ರೆ ಇರುತ್ತಿರಲಿಲ್ಲ. ಆದರೆ ಸುಲ್ತಾನನ ಹೊನ್ನಿಗೆ ಸುಲ್ತಾನನ ದೃಷ್ಟಿಯೂ ಅಂಟಿರುತ್ತದೆ. ದರಬಾರು, ಯುದ್ಧ, ವಂಶಾವಳಿ ತುಂಬಿದ ಆ ಚರಿತ್ರೆಗಳಲ್ಲಿ ಹಿಟ್ಟು ಬೀಸಿದವಳು ಎಲ್ಲಿದ್ದಾಳೆ?

ಇನ್ನೊಂದು ದಾರಿ ಫ.ಗು. ಹಳಕಟ್ಟಿಯವರದು. ಬಿಜಾಪುರದಲ್ಲಿ ವಕೀಲರಾಗಿದ್ದ ಅವರು ತಾಡೋಲೆ, ಹಳೆಯ ಕಟ್ಟುಗಳನ್ನು ಹುಡುಕುತ್ತ ಮನೆಮನೆ ಅಲೆದು, 1923ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ಇದ್ದ ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಇಂದು ವಚನ ಎಂದರೆ ಕನ್ನಡಿಗರಿಗೆಲ್ಲ ಗೊತ್ತು. ಅದರ ಹಿಂದೆ ಒಬ್ಬ ಮನುಷ್ಯನ ಮಾರಿದ ಮನೆ ಇದೆ. ನಾವು ವರ್ಷಕ್ಕೊಮ್ಮೆ ಅವರ ಭಾವಚಿತ್ರಕ್ಕೆ ಹಾರ ಹಾಕಿ, ತ್ಯಾಗಜೀವಿ ಎಂದು ಹೊಗಳುತ್ತೇವೆ. ಹೊಗಳುವುದು ಸರಿ. ಆದರೆ ಒಂದು ಸಮಾಜ ತನ್ನ ವಿದ್ಯೆಯನ್ನು ಉಳಿಸಿಕೊಳ್ಳಲು ಪ್ರತಿ ಸಲವೂ ಯಾರೋ ಒಬ್ಬರು ಮನೆ ಮಾರಲಿ ಎಂದು ಕಾಯುವುದು ಸರಿಯೇ? ಮಾರಲು ಮನೆಯೇ ಇಲ್ಲದವರು ಏನು ಮಾಡಬೇಕು?

ಅದೇ ಹಳಕಟ್ಟಿಯವರ ಹೆಸರಿನಲ್ಲಿ ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ ಸಂಶೋಧನ ಕೇಂದ್ರ ನಡೆಸುತ್ತದೆ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಆದಿಲಶಾಹಿ ಕಾಲದ ಪಾರಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆಯನ್ನು ಅದು ಕೈಗೆತ್ತಿಕೊಂಡಿತು. ಕಲಬುರ್ಗಿಯವರು ಹುಟ್ಟಿದ್ದು ನಮ್ಮ ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ, 1938ರಲ್ಲಿ. ವಚನ, ಶಾಸನಗಳಲ್ಲಿ ಜೀವ ಸವೆಸಿದ ಅವರಿಗೆ, ಬಿಜಾಪುರದ ಚರಿತ್ರೆಯನ್ನು ಕನ್ನಡಿಗರು ಕನ್ನಡದಲ್ಲೇ ಓದಬೇಕು ಅನಿಸಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಲಿಂಗಾಯತ ಸಂಸ್ಥೆಯೊಂದು ತನ್ನ ಹಣ ಹಾಕಿ ಸುಲ್ತಾನರ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತರಿಸಿತೆಂಬುದನ್ನು ನಾವು ಮುಸಲ್ಮಾನರು ಕೃತಜ್ಞತೆಯಿಂದ ನೆನೆಯಬೇಕು. ಜೊತೆಗೆ ನಮ್ಮನ್ನೇ ಕೇಳಿಕೊಳ್ಳಬೇಕು: ಇದನ್ನು ನಾವೇಕೆ ಮಾಡಲಿಲ್ಲ? ಆ ಯೋಜನೆಯ ಗುರಿ ಲಿಖಿತ ಗ್ರಂಥಗಳು. ಬಾಯಿಯ ಹಾಡಿನ ಕೆಲಸ ಇನ್ನೂ ಬಾಕಿ ಇದೆ.

ಈಗ ಸರ್ಕಾರದ ಫೆಲೋಶಿಪ್ಪಿಗೆ ಬರೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವನ್ನು 1953ರ ಡಿಸೆಂಬರ್ 28ರಂದು ಉದ್ಘಾಟಿಸಿದವರು ಮೌಲಾನಾ ಅಬುಲ್ ಕಲಾಂ ಆಜಾದ್. ಆಗ ಅವರು ದೇಶದ ಶಿಕ್ಷಣ ಸಚಿವರು. ಐದು ದಶಕ ಕಳೆದ ಮೇಲೆ, 2006ರಲ್ಲಿ ಸಾಚಾರ್ ಸಮಿತಿ ವರದಿ ಕೊಟ್ಟಿತು. ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಂ ಎಂದಿತು. ಅದರ ಬೆನ್ನಿಗೆ, 2009ರಲ್ಲಿ, ಅದೇ ಆಜಾದರ ಹೆಸರಿನಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗೆ ರಾಷ್ಟ್ರೀಯ ಫೆಲೋಶಿಪ್ ಬಂತು. ಅದು ಮುಸಲ್ಮಾನರಿಗೆ ಮಾತ್ರವಲ್ಲ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿಗಳಿಗೂ, ಮುಂದೆ ಜೈನರಿಗೂ ಸಿಕ್ಕಿತು. ಆರಂಭದಲ್ಲಿ ಅದಕ್ಕೆ ನೆಟ್ ಪರೀಕ್ಷೆ ಕಡ್ಡಾಯವಿರಲಿಲ್ಲ, ಮುಂದೆ ಕಡ್ಡಾಯವಾಯಿತು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾದರು, 738.85 ಕೋಟಿ ರೂಪಾಯಿ ಹಂಚಿಕೆಯಾಯಿತು ಎಂದು ಸರ್ಕಾರವೇ ಲೆಕ್ಕ ಕೊಟ್ಟಿತು. ಆ ಲೆಕ್ಕ ಬಂದದ್ದು 2022ರ ಡಿಸೆಂಬರ್‌ನಲ್ಲಿ, ಲೋಕಸಭೆಯಲ್ಲಿ, ಫೆಲೋಶಿಪ್ಪನ್ನು ನಿಲ್ಲಿಸಲಾಗಿದೆ ಎಂಬ ಉತ್ತರದ ಜೊತೆಗೆ.

ನಿಲ್ಲಿಸಲು ಕೊಟ್ಟ ಕಾರಣ, ಇದು ಬೇರೆ ಯೋಜನೆಗಳ ಮೇಲೆ ಹೊದ್ದುಕೊಳ್ಳುತ್ತದೆ ಎಂಬುದು. ಈ ಮಾತನ್ನು ತಾಳ್ಮೆಯಿಂದ ನೋಡೋಣ. ಮುಸಲ್ಮಾನರಲ್ಲಿ ಎಷ್ಟೋ ಜಾತಿಗಳು ಹಿಂದುಳಿದ ವರ್ಗದ ಪಟ್ಟಿಯಲ್ಲಿರುವುದು ನಿಜ, ಅವರಿಗೆ ಆ ವರ್ಗದ ಫೆಲೋಶಿಪ್ಪಿಗೆ ಅರ್ಜಿ ಹಾಕಲು ಹಕ್ಕಿರುವುದೂ ನಿಜ. ಆದರೆ ಒಬ್ಬ ವಿದ್ಯಾರ್ಥಿ ಎರಡು ಕಡೆ ಹಣ ಪಡೆಯುವಂತಿರಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲಿನ ಮುಂದಿನ ಸಾಲು ಉದ್ದವಾಗುತ್ತದೆ ಅಷ್ಟೇ, ಒಳಗೆ ಹೋಗುವವರ ಸಂಖ್ಯೆ ಹೆಚ್ಚುವುದಿಲ್ಲ. ಆಗಲೇ ಆಯ್ಕೆಯಾಗಿದ್ದವರಿಗೆ ಅವಧಿ ಮುಗಿಯುವವರೆಗೆ ಹಣ ಕೊಡುತ್ತೇವೆಂದರು. ಅವರಿಗೂ 2025ರಲ್ಲಿ ತಿಂಗಳುಗಟ್ಟಲೆ ಹಣ ಬಾರದೆ, ಬಾಡಿಗೆ ಕಟ್ಟಲಾಗದೆ ಪರದಾಡಿದ ಸುದ್ದಿ ಪತ್ರಿಕೆಗಳಲ್ಲಿ ಓದಿದೆವು.

ರಾಜ್ಯದ ಕತೆಯೂ ಬಹಳ ಬೇರೆಯಲ್ಲ. ಕರ್ನಾಟಕದ ಅಲ್ಪಸಂಖ್ಯಾತರ ನಿರ್ದೇಶನಾಲಯ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಿಂಗಳಿಗೆ 25,000 ರೂಪಾಯಿ ಕೊಡುತ್ತಿತ್ತು. 2022ರಲ್ಲಿ ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಲಾಯಿತು. ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ಇಲ್ಲಿ ನಾನು ಪಕ್ಷಗಳ ಜಗಳಕ್ಕೆ ಹೋಗುವುದಿಲ್ಲ. ಸರ್ಕಾರ ಬದಲಾದಾಗಲೆಲ್ಲ ಮೊತ್ತ ಏರಿಳಿಯುವ ಹಣವನ್ನು ನಂಬಿ ನಾಲ್ಕೈದು ವರ್ಷದ ಕೆಲಸಕ್ಕೆ ಯಾರು ಕೈಹಾಕುತ್ತಾರೆ ಎಂಬುದು ನನ್ನ ಪ್ರಶ್ನೆ. ಬಾವಿ ತೋಡುವವನಿಗೆ ಅರ್ಧ ದಾರಿಯಲ್ಲಿ ಹಗ್ಗ ಕತ್ತರಿಸಿದರೆ ಅವನು ಮೇಲೂ ಬರಲಾರ, ನೀರೂ ಕಾಣಲಾರ.

ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ಒಳ್ಳೆಯ ಮೊತ್ತ. ಆದರೆ ಅದನ್ನು ಪಡೆಯುವವರು ಬೆರಳೆಣಿಕೆಯವರು. ಜೆ.ಆರ್.ಎಫ್. ಸಿಗದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ತಿಂಗಳಿಗೆ 8,000 ರೂಪಾಯಿಯ ಸಣ್ಣ ಫೆಲೋಶಿಪ್ ಉಂಟು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಅದು ಇಲ್ಲ. ನಮ್ಮ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಲ್ಲಿ ಬಹಳಷ್ಟು ಮಂದಿ ಸೇರುವುದು ರಾಜ್ಯದ ವಿಶ್ವವಿದ್ಯಾಲಯಗಳಿಗೇ. 2003ರಲ್ಲಿ ಈ ಜಿಲ್ಲೆಯಲ್ಲೇ ಮಹಿಳಾ ವಿಶ್ವವಿದ್ಯಾಲಯ ಬಂದಾಗ, ಮುಂದೆ ಅದಕ್ಕೆ ಅಕ್ಕಮಹಾದೇವಿಯ ಹೆಸರು ಬಂದಾಗ, ಹೆಣ್ಣುಮಕ್ಕಳ ತಂದೆ-ತಾಯಿಗಳಿಗೆ ದೊಡ್ಡ ಧೈರ್ಯ ಬಂತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು ಎಂಬುದೇ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಎಂ.ಎ.ಗೆ ಅನುಮತಿ ಕೊಡಿಸಿದೆ. ಆದರೆ ವಿಶ್ವವಿದ್ಯಾಲಯ ಹತ್ತಿರ ಬಂದ ಮಾತ್ರಕ್ಕೆ ಸಂಶೋಧನೆ ಹತ್ತಿರ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು. ಫೆಲೋಶಿಪ್ ಪಡೆದವರೆಲ್ಲ ಒಳ್ಳೆಯ ಕೆಲಸ ಮಾಡಿದರೇ? ಇಲ್ಲ. ಹಣ ಪಡೆದು, ಬೈಕು ಕೊಂಡು, ಬೇರೆಯವರ ಪ್ರಬಂಧದ ಪುಟಗಳನ್ನು ತಿರುಚಿ ಬರೆದವರನ್ನು ನಾನು ಕಂಡಿದ್ದೇನೆ. ಕೆಲವರು ನನಗೇ ಪ್ರಶ್ನಾವಳಿ ಕಳಿಸಿದ್ದಾರೆ: 'ನಿಮ್ಮ ಕಥೆಗಳಲ್ಲಿ ಮುಸ್ಲಿಂ ಸಂವೇದನೆ ಹೇಗೆ ವ್ಯಕ್ತವಾಗಿದೆ, ವಿವರಿಸಿ.' ಪರೀಕ್ಷೆಗೆ ಕೂತ ಹುಡುಗನಂತೆ ನಾನು ಉತ್ತರ ಬರೆದು ಕಳಿಸಿದ್ದೂ ಉಂಟು, ಅದೇ ಉತ್ತರ ಪ್ರಬಂಧದ ಒಂದು ಅಧ್ಯಾಯವಾದದ್ದೂ ಉಂಟು. ಆದರೆ ಸೋರುವ ಕೊಡದ ನೆಪದಲ್ಲಿ ಬಾವಿ ಮುಚ್ಚಿಸುವುದು ನ್ಯಾಯವಲ್ಲ. ಕೆಟ್ಟ ಪ್ರಬಂಧಕ್ಕೆ ಮದ್ದು ಒಳ್ಳೆಯ ಗೈಡ್, ನಿಷ್ಠುರವಾದ ಮೌಲ್ಯಮಾಪನ, ಬಹಿರಂಗ ಚರ್ಚೆ. ಹಣ ಕೊಡುವ ಇಲಾಖೆಯಾಗಲಿ, ಪದವಿ ಕೊಡುವ ವಿಶ್ವವಿದ್ಯಾಲಯವಾಗಲಿ ಈ ಪ್ರಬಂಧದಿಂದ ಗೊತ್ತಾದ ಹೊಸ ಸಂಗತಿ ಯಾವುದು ಎಂದು ಒಂದೇ ಒಂದು ಪ್ರಶ್ನೆಯನ್ನು ಕಟ್ಟುನಿಟ್ಟಾಗಿ ಕೇಳಿದರೂ ಅರ್ಧ ರೋಗ ವಾಸಿಯಾಗುತ್ತದೆ.

ಇನ್ನು ನಮ್ಮ ಸಮುದಾಯದ ಮಾತು. ಮದುವೆಗೆ ಬಾಳುವುದನ್ನೆಲ್ಲ ಮಾರಿ ಬಿರಿಯಾನಿ ಹಾಕಿಸುತ್ತೇವೆ. ಮಸೀದಿಗೆ ಹೊಸ ಟೈಲ್ಸ್ ಹಾಕಲು ಒಂದೇ ಜುಮಾದಲ್ಲಿ ಚಂದಾ ಕೂಡುತ್ತದೆ. ಇಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಹಾಯ ಮಾಡುವ ಟ್ರಸ್ಟುಗಳಿವೆ, ಅವುಗಳ ಕೆಲಸ ದೊಡ್ಡದು. ಆದರೆ ಇತಿಹಾಸ, ಭಾಷೆ, ಜಾನಪದ ಓದುವ ಹುಡುಗಿ ಹೋಗಿ ನಿಂತರೆ, "ಇದರಿಂದ ನೌಕರಿ ಸಿಗುತ್ತಾ ಬೇಟಿ?" ಎಂದು ಕೇಳುತ್ತಾರೆ. ಬಡ ವಿದ್ಯಾರ್ಥಿಗೆ ಜಕಾತ್ ಕೊಡಬಹುದೆಂಬುದರಲ್ಲಿ ತಕರಾರಿಲ್ಲ. ಆ ವಿದ್ಯಾರ್ಥಿ ಏನು ಓದುತ್ತಾನೆ ಎಂಬುದರಲ್ಲಿ ಮಾತ್ರ ನಮಗೆ ತಕರಾರು. ಹೀಗಾಗಿ ನಮ್ಮ ಚರಿತ್ರೆಯನ್ನು ಇನ್ನೊಬ್ಬರು ತಿರುಚಿ ಬರೆದಾಗ ಸಿಟ್ಟಾಗಲು ನಾವು ಸಾವಿರ ಜನ ಸಿಗುತ್ತೇವೆ, ಸರಿಯಾಗಿ ಬರೆಯಲು ಒಬ್ಬರು ಸಿಗುವುದಿಲ್ಲ.

ಆ ಹುಡುಗಿ ಈಗ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಪಿಎಚ್.ಡಿ.ಗೆ ಇನ್ನೂ ಹೆಸರು ಹಚ್ಚಿಲ್ಲ. ರವಿವಾರ ದಾದಿಯ ಮುಂದೆ ಮೊಬೈಲ್ ಇಟ್ಟು ಹಾಡಿಸಿಕೊಳ್ಳುತ್ತಾಳೆ. ಒಮ್ಮೆ ನಾನೂ ಹೋಗಿದ್ದೆ. ದಾದಿಗೆ ಎಂಬತ್ತು ದಾಟಿದೆ. ಎರಡು ಸಾಲು ಹಾಡಿ ಮೂರನೆಯದಕ್ಕೆ ನಿಂತುಬಿಡುತ್ತಿದ್ದಳು. "ಮುಂದಿಂದು ಬಾಯಾಗ ಬರವಲ್ದು" ಅಂದಳು. ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು ತಂದಿಟ್ಟೆವು. ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸಿದ್ದೇ ತಡ, ನಿಂತಿದ್ದ ಸಾಲು ತಾನಾಗಿ ಬಂತು. ಅದರ ಹಿಂದೆ ಕನ್ನಡದ ಪದವೊಂದು ಬಂತು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ಹಾಡು ಬಾಯಲ್ಲಿ ಮಾತ್ರ ಇಲ್ಲ, ಕೈಯಲ್ಲೂ ಇದೆ ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಈ ಸಂಗತಿಯನ್ನು ಶಾಸ್ತ್ರೀಯವಾಗಿ ದಾಖಲಿಸಲು ಕೋಟಿಗಟ್ಟಲೆ ಹಣ ಬೇಡ. ಒಬ್ಬಳು ಸಂಶೋಧಕಿ, ಅವಳಿಗೆ ಮೂರ್ನಾಲ್ಕು ವರ್ಷ ತಪ್ಪದೆ ಬರುವ ತಿಂಗಳ ಹಣ, ತಿರುಗಾಟದ ಖರ್ಚು, ಒಂದು ಒಳ್ಳೆಯ ಧ್ವನಿಮುದ್ರಣ ಯಂತ್ರ, ಹಳೆಯ ದಖನಿ ಓದಲು ಕಲಿಸುವ ಒಬ್ಬ ಗುರು, ಇಷ್ಟು ಸಾಕು. ಸರ್ಕಾರ ಮಾಡಬೇಕು, ಅದು ಅದರ ಕರ್ತವ್ಯ. ಮುಚ್ಚಿದ ಫೆಲೋಶಿಪ್ಪನ್ನು ತೆರೆಯಿರಿ, ಇರುವುದನ್ನು ಇಳಿಸಬೇಡಿ ಎಂದು ಕೇಳುತ್ತಲೇ ಇರಬೇಕು. ಆದರೆ ಸರ್ಕಾರ ಕೊಡುವವರೆಗೆ ದಾದಿಯರು ಕಾಯುವುದಿಲ್ಲ. ಜಿಲ್ಲೆಗೊಂದು ಜಮಾತ್, ಒಂದು ಸಂಸ್ಥೆ, ಹತ್ತು ಜನ ಉದ್ಯೋಗಸ್ಥರ ಒಂದು ಗುಂಪು, ವರ್ಷಕ್ಕೆ ಒಬ್ಬ ಸಂಶೋಧಕನ ಭಾರ ಹೊರಬಾರದೇ? ವಿಷಯ ಇಂಥದ್ದೇ ಇರಲಿ, ಫಲಿತಾಂಶ ನಮಗೆ ಇಷ್ಟವಾಗುವಂಥದ್ದೇ ಇರಲಿ ಎಂಬ ಷರತ್ತು ಹಾಕದೆ?

ಹಲಸಂಗಿಯ ಗೆಳೆಯರು ನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬರು ಧೂಲಾಸಾಹೇಬ. ಅವರ ಪುಸ್ತಕಕ್ಕೆ ಶತಮಾನ ತುಂಬಲು ಇನ್ನು ಕೆಲವೇ ವರ್ಷ ಉಳಿದಿದೆ. ಆ ಹೊತ್ತಿಗಾದರೂ ಅವರು ಬಿಟ್ಟುಹೋದ ಜಾಗದಿಂದ ಮುಂದಿನ ಪುಸ್ತಕ ಈ ಜಿಲ್ಲೆಯಿಂದಲೇ, ಕನ್ನಡದಲ್ಲೇ ಬರಲಿ. ಅದರಲ್ಲಿ ಪ್ರತಿ ಹಾಡಿನ ಕೆಳಗೆ ಹಾಡಿದವಳ ಹೆಸರಿರಲಿ.